ಸಹಾಯ ಬೇಕು: ಮಗಳಿಗೆ ಎಸ್‌ಎಟಿ ಬರ್ಸೋದಾ, ಎಸಿಟಿನಾ?

ಎಲ್ರಿಗೂ ನಮಸ್ಕಾರ, ನಾವು ಡಲ್ಲಾಸ್ ಹತ್ರ ಇರೋದು, ಮಗಳು ಈಗ 11ನೇ ಗ್ರೇಡು. ಅಮೆರಿಕದ ಕಾಲೇಜ್ ಅಡ್ಮಿಶನ್‌ಗೆ ಬರಿಯೋ ಎಸ್‌ಎಟಿ, ಎಸಿಟಿ ಪರೀಕ್ಷೆಗಳಲ್ಲಿ ಯಾವ್ದು ಬರ್ಸೋದು ಅಂತ ಗೊತ್ತಾಗ್ತಿಲ್ಲ. ನಮ್ ಕಾಲದಲ್ಲಿ ಸಿಇಟಿ ರ‍್ಯಾಂಕ್ ಬಂತು, ಕೌನ್ಸೆಲಿಂಗಿಗೆ ಹೋದ್ವಿ, ಮುಗೀತು. ಇಲ್ಲಿ ಕಾಲೇಜಿಗೊಂದು ರೂಲ್ಸು, ಯುಟಿ ಆಸ್ಟಿನ್‌ನವ್ರು (ಆಸ್ಟಿನ್‌ನಲ್ಲಿರೋ ಟೆಕ್ಸಾಸ್ ಯೂನಿವರ್ಸಿಟಿ) 2024ರಲ್ಲಿ ಈ ಪರೀಕ್ಷೆಗಳ ಸ್ಕೋರ್ ಮತ್ತೆ ಕಡ್ಡಾಯ ಅಂದ್ರು, ಕ್ಯಾಲಿಫೋರ್ನಿಯಾದ ಯುಸಿಗಳು (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳು) ಸ್ಕೋರ್ ಕೊಟ್ರೂ ಅಡ್ಮಿಶನ್‌ಗೆ ನೋಡಲ್ಲ. ಪ್ರಾಕ್ಟೀಸ್ ಎಸ್‌ಎಟಿಲಿ ಅವ್ಳಿಗೆ ಮ್ಯಾತ್ಸ್ 560 ಬಂದಿದೆ. ಎಸ್‌ಎಟಿ ನಡೆಸೋ ಕಾಲೇಜ್ ಬೋರ್ಡ್ ಲೆಕ್ಕದಲ್ಲಿ 530 ಬಂದ್ರೆ ಕಾಲೇಜಿಗೆ ರೆಡಿಯಂತೆ, ಅಂದ್ರೆ ಮೊದಲ ಸೆಮಿಸ್ಟರ್ ಮ್ಯಾತ್ಸಲ್ಲಿ ಸಿ ಗ್ರೇಡಾದ್ರೂ ಬರೋ ಚಾನ್ಸ್ 75 ಪರ್ಸೆಂಟ್, ಆದ್ರೆ ಒಳ್ಳೆ ಇಂಜಿನಿಯರಿಂಗ್ ಸೀಟಿಗೆ ಅದೆಲ್ಲಿ ಸಾಕಾಗತ್ತೆ ಹೇಳಿ! ಎಸಿಟಿಲಿ ಈಗ ಸೈನ್ಸ್ ಬೇಕಿದ್ರೆ ಮಾತ್ರ ಬರಿಯೋದು, ಅದಕ್ಕೇ ಹೋಗ್ತೀನಿ ಅಂತ ಇವ್ಳ ಹಠ. ಮಕ್ಕಳಿಗೆ ಎರಡೂ ಬರ್ಸಿರೋರು ಯಾರಾದ್ರೂ ಇದ್ರೆ ಹೇಳ್ರಪ್ಪಾ, ಕೋಚಿಂಗಿಗೆ ದುಡ್ಡು ಸುರಿಯೋ ಮುಂಚೆ.