ಪದಚರ್ಚೆ: ಯಾರ್ಕ್‌ಟೌನ್ ನಕ್ಷೆಯ ರಿಡೌಟ್, ಪ್ಯಾರಲಲ್‌ಗೆ ಕನ್ನಡದಲ್ಲಿ ಏನನ್ನೋಣ?

ವರ್ಜೀನಿಯಾದಿಂದ

ಗೆಳೆಯರೇ, ಶುಕ್ರವಾರ ರಾತ್ರಿಯೊಳಗೆ ಎರಡು ಪದ ಬೇಕು. ಶನಿವಾರ ನಮ್ಮ ಕನ್ನಡ ತರಗತಿಯ ಮಕ್ಕಳನ್ನು ಯಾರ್ಕ್‌ಟೌನ್ ಯುದ್ಧಭೂಮಿ ನೋಡಲು ಕರೆದುಕೊಂಡು ಹೋಗುತ್ತಿದ್ದೇವೆ. ಊರಿಂದ ಬಂದಿರುವ ನಾಲ್ಕೈದು ಅಜ್ಜ ಅಜ್ಜಿಯರೂ ಜೊತೆಗಿರುತ್ತಾರೆ. ಎಲ್ಲರ ಕೈಗೂ ಒಂದೊಂದು ಕನ್ನಡದ ನಕ್ಷೆ ಕೊಡಬೇಕು ಅಂತ ಆಸೆ.

ಅಮೆರಿಕದ ಕ್ರಾಂತಿಯ ಯುದ್ಧವನ್ನು ಸುಮ್ನೆ ಕಥೆಯಾಗಿ ಹೇಳಿದರೆ ಮಕ್ಕಳ ತಲೆಗೆ ಹತ್ತುವುದಿಲ್ಲ. ನಕ್ಷೆ ಇಟ್ಟರೆ ಬೇರೆಯೇ. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಬೆನ್ನಿಗೆ ಯಾರ್ಕ್ ನದಿ. ಎದುರಿಗೆ ಅಮೆರಿಕದ ವಾಷಿಂಗ್ಟನ್ ಮತ್ತು ಫ್ರೆಂಚರ ರೋಶಾಂಬೋ ಪಡೆಗಳು. ಆಚೆ ಚೆಸಪೀಕ್ ಕೊಲ್ಲಿಯಲ್ಲಿ ಫ್ರೆಂಚರ ಹಡಗುಗಳು. ಇಷ್ಟನ್ನು ಬೆರಳಿಟ್ಟು ತೋರಿಸಿದರೆ 1781ರ ಅಕ್ಟೋಬರ್ 19ರಂದು ಅವನು ಯಾಕೆ ಶರಣಾದ ಅಂತ ಏಳು ವರ್ಷದ ಮಗುವಿಗೂ ಗೊತ್ತಾಗುತ್ತದೆ.

ರಿಡೌಟ್ ಅಂದರೆ ಮುಖ್ಯ ಸಾಲಿನ ಮುಂದೆ ಒಂಟಿಯಾಗಿ ಕಟ್ಟಿದ ಸಣ್ಣ ಕಾವಲು ನೆಲೆ, ಪ್ಯಾರಲಲ್ ಅಂದರೆ ಮುತ್ತಿಗೆ ಹಾಕಿದವರು ತೋಡುವ ಉದ್ದನೆಯ ತಗ್ಗು. ರಿಡೌಟ್‌ಗೆ ‘ಕೊತ್ತಳ’, ಪ್ಯಾರಲಲ್‌ಗೆ ‘ಸಮಾನಾಂತರ’ ಅಂತ ಹಾಕಿದ್ದೆ. ‘ಅಕ್ಟೋಬರ್ 6ರ ರಾತ್ರಿ ಮೊದಲ ಸಮಾನಾಂತರವನ್ನು ತೋಡಿದರು’ ಅಂತ ಬರೆದೆ. ನಮ್ಮ ಅತ್ತೆ ಓದಿ, “ಏನನ್ನ ತೋಡಿದ್ರು?” ಅಂದರು. ಅಲ್ಲಿಗೆ ನಿಂತಿದೆ.

ಬೆಂಗಳೂರಿನಿಂದ

ಎರಡನ್ನೂ ಹಾಗೇ ಇಡಿ. ರಿಡೌಟ್, ಪ್ಯಾರಲಲ್. ಬಸ್ಸು, ಕೋರ್ಟು, ಪೆನ್ನು ಬಂದ ಹಾಗೆ ಇವೂ ಬರಲಿ. ಇದಕ್ಕೆ ಚರ್ಚೆ ಬೇಕಿಲ್ಲ.

ಧಾರವಾಡದಿಂದ

ಬಸ್ಸನ್ನು ಜನ ದಿನಾ ಹತ್ತುತ್ತಾರೆ, ಸರ್. ರಿಡೌಟನ್ನು ಯಾರು ಹತ್ತಿದ್ದಾರೆ? ಬಳಕೆಯಿಂದ ಬಂದ ಪದ ಬೇರೆ, ಹುಡುಕುವ ಬೇಸರಕ್ಕೆ ಇಟ್ಟ ಪದ ಬೇರೆ.

ಕೊತ್ತಳ ಖಂಡಿತ ತಪ್ಪು. ಕೊತ್ತಳ ಕೋಟೆಯ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಬುರುಜೂ ಹಾಗೇ. ರಿಡೌಟ್ ಗೋಡೆಯಿಂದ ಮುಂದೆ, ಒಂಟಿಯಾಗಿ ನಿಂತಿರುವುದು. ಹೆಸರಲ್ಲಿ ‘ಡೌಟ್’ ಇದ್ದರೂ ಆ ಇಂಗ್ಲಿಷ್ ಪದದ ಬೇರಿಗೂ ಅನುಮಾನಕ್ಕೂ ಸಂಬಂಧವಿಲ್ಲ. ಅದರ ಬೇರು ಲ್ಯಾಟಿನ್, ಹಿಂದೆ ಸರಿದು ಸೇರಿಕೊಳ್ಳುವ ಜಾಗ ಅನ್ನೋ ಅರ್ಥ. ನಮ್ಮಲ್ಲಿ ಅದಕ್ಕೆ ಸರಿಯಾದ ಪದ ಇದೆ: ಹುಡೇವು. ನಮ್ಮೂರ ನಡುವೆ ಒಂದಿತ್ತು. ದುಂಡಗಿನ ಕಲ್ಲುಗೋಡೆ, ಮೇಲೆ ಕೋವಿ ತೂರಿಸಲು ಕಿಂಡಿ. ದಾಳಿ ಮಾಡುವವರು ಬಂದರೆ ಊರವರು ಅದನ್ನು ಸೇರಿಕೊಳ್ಳುತ್ತಿದ್ದರು ಅಂತ ನಮ್ಮಜ್ಜ ಹೇಳುತ್ತಿದ್ದರು. ಲ್ಯಾಟಿನ್ ಅರ್ಥಕ್ಕೆ ಇದಕ್ಕಿಂತ ಹತ್ತಿರದ ಪದ ಸಿಗುವುದಿಲ್ಲ.

ಶಿವಮೊಗ್ಗದಿಂದ

ಮೊದಲು ‘ನಕ್ಷೆ’ ತೆಗೆಯಿರಿ. ಅದು ಅರಬ್ಬಿಯ ‘ನಕ್ಶ್’ನಿಂದ ಬಂದದ್ದು. ನಕ್ಷತ್ರದ ಜೊತೆ ನಂಟಿದೆ ಅಂತ ನಂಬಿದವರು ಇಲ್ಲೇ ಜಾಸ್ತಿ ಇದ್ದಾರೆ. ‘ಭೂಪಟ’ ಸಂಸ್ಕೃತ. ‘ನೆಲತಿಟ್ಟ’ ಅನ್ನಿ. ಇನ್ನು ಪ್ಯಾರಲಲ್‌ಗೆ ಯಾರಾದರೂ ‘ಕಂದಕ’ ಅನ್ನುವ ಮೊದಲೇ ಹೇಳುತ್ತೇನೆ, ಅದು ಪಾರಸಿಯ ‘ಖಂದಕ್’. ನಮ್ಮ ಪದ ಅಗಳು. ಎರಡು ಮೂರು ಅಚ್ಚಗನ್ನಡ ಪದವನ್ನಾದರೂ ಮಕ್ಕಳ ಬಾಯಿಗೆ ಹಾಕದಿದ್ದರೆ ಅದು ಕನ್ನಡ ತರಗತಿ ಹೇಗಾಯಿತು?

ಮೈಸೂರಿನಿಂದ

ಮೂವತ್ತು ವರ್ಷ ಸರ್ವೆ ಕೆಲಸ ಮಾಡಿದ್ದೇನೆ. ಗ್ರಾಮ ನಕಾಶೆಯನ್ನು ಜಗಲಿ ಮೇಲೆ ಹರಡಿದರೆ, ಓದಲು ಬಾರದ ರೈತ ಹಳ್ಳದ ಗೆರೆ ಹಿಡಿದು ಬಂದು ತನ್ನ ಹೊಲದ ಮೇಲೆ ಬೆರಳಿಡುತ್ತಿದ್ದ. “ನಕಾಶೆಯಲ್ಲಿ ನಮ್ಮ ದಾರಿ ಐತಾ ನೋಡಿ ಸ್ವಾಮಿ” ಅನ್ನುತ್ತಿದ್ದ. ಅವನ ಬಾಯಲ್ಲಿದ್ದ ಪದ ಅರಬ್ಬಿಯದು ಅಂತ ಅದನ್ನು ಕಿತ್ತುಕೊಳ್ಳುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ. ನಕ್ಷೆ ಇರಲಿ.

ಈಗ ಮೇಡಂ ಕೇಳಿದ್ದಕ್ಕೆ ಬರೋಣ. ಯುದ್ಧದ ನಕ್ಷೆಯ ಪದಕ್ಕೆ ನನ್ನದು ಒಂದೇ ಪರೀಕ್ಷೆ. ಗೆರೆಯನ್ನು ಯಾರು ತೋಡಿದರು, ಯಾರ ಕಡೆ ಮುಖ ಮಾಡಿ ತೋಡಿದರು ಅಂತ ಪದ ನೋಡಿದ ಕೂಡಲೇ ತಿಳಿಯಬೇಕು. ಅಗಳು ಈ ಪರೀಕ್ಷೆಯಲ್ಲಿ ಸೋಲುತ್ತದೆ. ಮಲೆನಾಡಿನ ತೋಟದ ಸುತ್ತ ಅಗಳು ಇರುತ್ತದೆ, ದನ ನುಗ್ಗದಿರಲಿ ಅಂತ. ಕೋಟೆಯ ಅಗಳೂ ಅಷ್ಟೇ, ಹೊರಗಿನವನನ್ನು ತಡೆಯಲು. ಬರೀ ಕಂದಕವೂ ಹಾಗೇ. ಆನೆ ಕಂದಕ ಅಂದರೆ ಕಾಡಂಚಿನ ಮಗುವಿಗೂ ಗೊತ್ತು.

ಪ್ಯಾರಲಲ್ ಇದಕ್ಕೆ ತಿರುವುಮುರುವು. ಅದನ್ನು ತೋಡುವವನೇ ಹೊರಗಿನವನು. ಕೋಟೆಯ ಗುಂಡು ತಾಗದಂತೆ ರಾತ್ರಿ ಹೊತ್ತು ನೆಲ ಅಗೆದು, ಮಣ್ಣನ್ನು ಕೋಟೆಯ ಕಡೆಗೇ ಎಸೆದು ದಿಂಡು ಮಾಡುತ್ತಾರೆ. ಆ ಮರೆಯಲ್ಲಿ ಫಿರಂಗಿ ಕೂರಿಸುತ್ತಾರೆ. ಕೋಟೆಯ ಸಾಲಿಗೆ ಸರಿಸಮವಾಗಿ ಹೋಗುವುದರಿಂದ ಆ ಹೆಸರು. ಆಮೇಲೆ ಅಂಕುಡೊಂಕಾಗಿ ಮುಂದಕ್ಕೆ ಅಗೆದು, ಇನ್ನೂ ಹತ್ತಿರದಲ್ಲಿ ಎರಡನೆಯದು. ಯಾರ್ಕ್‌ಟೌನಿನಲ್ಲಿ ಎರಡನೆಯದನ್ನು ಅಕ್ಟೋಬರ್ 11ರ ರಾತ್ರಿ ಶುರುಮಾಡಿದರು. ಅದನ್ನು ನದಿಯವರೆಗೆ ಒಯ್ಯಲು 9 ಮತ್ತು 10ನೇ ರಿಡೌಟ್ ಅಡ್ಡ ನಿಂತಿದ್ದವು. 14ರ ರಾತ್ರಿ ಫ್ರೆಂಚರು 9ನ್ನು ಹಿಡಿದರು, ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅನ್ನೋ ಅಧಿಕಾರಿಯ ಕೈಕೆಳಗಿನ ಅಮೆರಿಕನ್ನರು 10ನ್ನು. ಹ್ಯಾಮಿಲ್ಟನ್‌ನ ಸಿಪಾಯಿಗಳು ಕೋವಿಗೆ ಗುಂಡು ತುಂಬದೆ ಬರೀ ಬಯೊನೆಟ್‌ನಲ್ಲಿ, ಅಂದರೆ ಕೋವಿಯ ತುದಿಗೆ ಸಿಕ್ಕಿಸಿದ ಚೂರಿಯಲ್ಲಿ, ನುಗ್ಗಿದರು. ಕತ್ತಲಲ್ಲಿ ಒಂದು ಗುಂಡು ಹಾರಿದರೂ ಗುಟ್ಟು ಹೋಗುತ್ತಿತ್ತು. ಆ ಎರಡು ರಿಡೌಟ್ ಕೈಗೆ ಬಂದ ಮೇಲೆ ಗೆರೆ ನದಿ ಮುಟ್ಟಿತು. ನಕ್ಷೆಯಲ್ಲಿ ಮಕ್ಕಳು ನೋಡಬೇಕಾದದ್ದು ಆ ಗೆರೆಯ ಬಲತುದಿ.

ಹಾಗಾಗಿ ‘ಮುತ್ತಿಗೆ ಕಂದಕ’ ಅನ್ನಿ. ಮೊದಲ ಮುತ್ತಿಗೆ ಕಂದಕ, ಎರಡನೇ ಮುತ್ತಿಗೆ ಕಂದಕ. ಹಾಕಿದವರು ಯಾರು ಅಂತ ‘ಮುತ್ತಿಗೆ’ಯೇ ಹೇಳುತ್ತದೆ.

ರಿಡೌಟ್‌ಗೆ ‘ಕಿರುಕೋಟೆ’ ಸಾಕು. ಹುಡೇವು ಚೆಂದದ ಪದ, ಆದರೆ ಅದು ಎತ್ತರದ ಕಲ್ಲುಗೋಪುರ. ಇವು ಮಣ್ಣಿನವು, ತಗ್ಗಾದವು, ಸುತ್ತ ಚೂಪು ಮರದ ಗೂಟ. ಹುಡೇವು ಅಂದರೆ ಅಜ್ಜ ಅಲ್ಲಿ ಹೋಗಿ ಗೋಪುರ ಹುಡುಕುತ್ತಾರೆ.

ಇನ್ನೊಂದು ವಿಷಯ, ಅಜ್ಜ ಅಜ್ಜಿಯರಿಗೆ ಇದನ್ನು ಹೇಳಲೇಬೇಕು. ಆ ಕಾರ್ನ್‌ವಾಲಿಸನೇ ಮುಂದೆ ಗವರ್ನರ್ ಜನರಲ್ ಆಗಿ ಬಂದು 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದವನು. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಉತ್ತರಕ್ಕೆ, ಕಾವೇರಿಯ ಆಚೆ ದಡದಲ್ಲಿ, ಟಿಪ್ಪುವಿನ ಕಿರುಕೋಟೆಗಳ ಸಾಲಿನ ಮೇಲೆ ಲಗ್ಗೆ ಹಾಕಿಸಿದ. ಸಾಲಿನ ಒಂದು ತುದಿಗೆ ಕರಿಘಟ್ಟ, ಇನ್ನೊಂದು ತುದಿಗೆ ಈದ್ಗಾ ಹತ್ತಿರದ ಕಿರುಕೋಟೆ. ಯಾರ್ಕ್‌ಟೌನಿನಲ್ಲಿ ರಾತ್ರಿ ಲಗ್ಗೆಗೆ ಕಿರುಕೋಟೆ ಕಳೆದುಕೊಂಡವನು ಇಲ್ಲಿ ರಾತ್ರಿ ಲಗ್ಗೆಗೇ ಕಿರುಕೋಟೆ ಹಿಡಿದ. ಎರಡು ನಕ್ಷೆ ಅಕ್ಕಪಕ್ಕ ಇಡಿ. ಎರಡಕ್ಕೂ ಒಂದೇ ಪದ ಒಪ್ಪಬೇಕು, ‘ಕಿರುಕೋಟೆ’ ಒಪ್ಪುತ್ತದೆ.

ಧಾರವಾಡದಿಂದ

ತಗ್ಗು ಮಣ್ಣಿನದು ಅನ್ನೋ ಮಾತು ಒಪ್ಪಿದೆ. ಆದರೆ ಹುಡೇವು ಅನ್ನೋ ಪದವನ್ನು ಹೀಗೆ ಒಂದೊಂದೇ ಕಡೆ ಬಿಟ್ಟುಕೊಟ್ಟರೆ ಅದು ಉಳಿಯುವುದು ಎಲ್ಲಿ? ಇದು ನನಗೆ ನೋವಿನ ವಿಷಯ.

ಶಿವಮೊಗ್ಗದಿಂದ

‘ಕಿರುಕೋಟೆ’, ‘ಮುತ್ತಿಗೆ’ ಎರಡೂ ನಮ್ಮವು, ಸಂತೋಷ. ಕಂದಕ ನನಗೆ ಒಪ್ಪಿಗೆಯಿಲ್ಲ. ಅಗಳಿಗೂ ‘ಮುತ್ತಿಗೆ’ ಸೇರಿಸಬಹುದಿತ್ತು. ಸರ್ವೆಯವರು ಅದಕ್ಕೆ ಉತ್ತರ ಕೊಟ್ಟಿಲ್ಲ.

ಮೈಸೂರಿನಿಂದ

ಸೇರಿಸಬಹುದು. ಆದರೆ ಅದು ಓದುವವರಿಗಾಗಿ ಅಲ್ಲ, ನಿಮ್ಮ ಹಠಕ್ಕಾಗಿ ಆಗುತ್ತದೆ. ಬಯಲುಸೀಮೆಯ ಅಜ್ಜಿಗೆ ಅಗಳು ಗೊತ್ತಿಲ್ಲದಿರಬಹುದು, ಕಂದಕ ಗೊತ್ತು. ನನ್ನ ಉತ್ತರ ಇಷ್ಟೇ.

ವರ್ಜೀನಿಯಾದಿಂದ

ಎಲ್ಲರಿಗೂ ನಮಸ್ಕಾರ. ಮುತ್ತಿಗೆ ಕಂದಕ, ಕಿರುಕೋಟೆ ಎರಡನ್ನೂ ಹಾಕಿದ್ದೇನೆ. ಅತ್ತೆ ಓದಿ, ಏನೂ ಕೇಳದೆ ಮುಂದಿನ ಸಾಲಿಗೆ ಹೋದರು. ಅವರು ಮಂಡ್ಯದ ಕಡೆಯವರು. ಕರಿಘಟ್ಟದ ವಿಷಯ ಹೇಳಿದ ಮೇಲೆ ನಕ್ಷೆ ಅವರ ಕೈಯಲ್ಲೇ ಇದೆ.

ನಾನು ನೋಡಿ ಬರೆಯುತ್ತಿರುವುದು ಸೆಬಾಸ್ಟಿಯನ್ ಬಾವ್ಮನ್ ಅನ್ನೋ ಅಮೆರಿಕನ್ ಫಿರಂಗಿ ಪಡೆಯ ಮೇಜರ್ ಮಾಡಿದ ನಕ್ಷೆ. ಶರಣಾಗತಿ ಮುಗಿದ ಮೂರೇ ದಿನಕ್ಕೆ, ಅಕ್ಟೋಬರ್ 22ರಿಂದ 28ರವರೆಗೆ ಅಳತೆ ಮಾಡಿದ್ದು. 1782ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾಯಿತು. ಅದರಲ್ಲಿ ಒಂದು ಬಯಲಿಗೆ ‘ಬ್ರಿಟಿಷರು ಆಯುಧಗಳನ್ನು ಕೆಳಗಿಟ್ಟ ಹೊಲ’ ಅನ್ನೋ ಅರ್ಥದ ಹೆಸರಿದೆ. ‘ಕೆಳಗಿಟ್ಟ’ ಅಂದರೆ ದಣಿದು ಇಟ್ಟ ಹಾಗೆ ಕೇಳುತ್ತದೆ, ಅಲ್ವಾ? ‘ಆಯುಧ ಒಪ್ಪಿಸಿದ ಬಯಲು’ ಅಂತ ಬರೆದಿದ್ದೇನೆ. ಬೇಡ ಅನ್ನುವವರು ರಾತ್ರಿ ಹತ್ತರೊಳಗೆ ಹೇಳಿ, ಆಮೇಲೆ ಪ್ರಿಂಟಿಗೆ ಕೊಡುತ್ತೇನೆ.

ಧಾರವಾಡದಿಂದ

‘ಒಪ್ಪಿಸಿದ’ ಸರಿಯಾಗಿದೆ, ತಂಗಿ. ಹಾಗೇ ಇರಲಿ.