ಪುಟ್ಟ ಮಕ್ಕಳೊಂದಿಗೆ ಡಿಸೆಂಬರ್ ರಜೆ: ಹೊನ್ನಾವರದ ಕಡಲೋ, ಮೈಸೂರೋ?

ಹುಬ್ಬಳ್ಳಿಯ ತಾಯಿಯೊಬ್ಬರು ಸಲಹೆ ಕೇಳಿದ್ದಾರೆ. ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ, ಪತಿ ಮತ್ತು ಮೊಣಕಾಲು ನೋವಿರುವ ಅತ್ತೆಯೊಂದಿಗೆ ಡಿಸೆಂಬರ್ ಕೊನೆಯಲ್ಲಿ ನಾಲ್ಕು ದಿನ ಹೊರಗೆ ಹೋಗಬೇಕೆಂದಿದ್ದಾರೆ; ಉತ್ತರ ಕನ್ನಡದ ಕಡಲತೀರವೋ ಮೈಸೂರೋ ಎಂಬುದು ತೀರ್ಮಾನವಾಗಿಲ್ಲ. ನಮ್ಮ ಮಕ್ಕಳು ಇದೇ ವಯಸ್ಸಿನಲ್ಲಿದ್ದಾಗ ನಾವು ಎರಡೂ ಕಡೆ ಹೋಗಿದ್ದೆವು. ನನ್ನ ಅಕ್ಕನ ಮನೆಯವರೂ ಮೈಸೂರಿಗೆ ಹೋಗಿಬಂದಿದ್ದಾರೆ.

ನಿಮ್ಮ ಕುಟುಂಬಕ್ಕೆ ಕಡಲೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ನಿಮ್ಮ ಪತಿ ನಾಲ್ಕೂ ದಿನ ಜೊತೆಗಿರುವುದು ಖಚಿತವಾಗಿರಬೇಕು. ನೀರಿನ ಬಳಿ ಒಂದೊಂದು ಮಗುವಿಗೂ ಕೈಗೆಟಕುವ ದೂರದಲ್ಲಿ, ಓಡಬಲ್ಲ ಒಬ್ಬೊಬ್ಬ ದೊಡ್ಡವರು ಬೇಕೇ ಬೇಕು. ನಿಮ್ಮ ಅತ್ತೆಯವರನ್ನು ಆ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕಚೇರಿಯ ಕೆಲಸದಿಂದಾಗಿ ಪತಿ ಎರಡು ದಿನ ತಡವಾಗಿ ಬರುವಂತಿದ್ದರೆ ಈ ಬಾರಿ ಮೈಸೂರನ್ನೇ ಆರಿಸಿಕೊಳ್ಳಿ.

ಕಡಲನ್ನು ಮುಂದಿಡಲು ಕಾರಣ ಮಗುವಿನ ಮಧ್ಯಾಹ್ನದ ನಿದ್ದೆ. ಮೈಸೂರಿನಲ್ಲಿ ನೋಡುವ ಜಾಗಗಳು ಒಂದೊಂದು ಒಂದೊಂದು ಕಡೆ ಇರುವುದರಿಂದ, ಒಂದೂವರೆ ವರ್ಷದ ಮಗು ಕಾರಿನಲ್ಲಿ ಅರೆಬರೆ ನಿದ್ದೆ ಮಾಡಿ, ಇಳಿಯುವಾಗ ಎಚ್ಚರಗೊಂಡು, ಸಂಜೆಯವರೆಗೂ ಅಳುತ್ತಿರುತ್ತದೆ. ಅಕ್ಕನ ಮಗನ ವಿಷಯದಲ್ಲಿ ಹೀಗೆಯೇ ಆಯಿತು. ತೀರದಲ್ಲಿ ಮರಳೊಂದೇ ಸಾಕು. ನಾಲ್ಕು ವರ್ಷದವಳು ಗುಡ್ಡೆ ಕಟ್ಟುತ್ತಾಳೆ, ಚಿಕ್ಕವನು ಅದನ್ನು ಕೆಡವುತ್ತಾನೆ, ಅಜ್ಜಿ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಇಬ್ಬರನ್ನೂ ನೋಡುತ್ತಿರಬಹುದು. ಆದರೆ ಕೋಣೆಯಿಂದ ತೀರಕ್ಕೆ ನಡೆದೇ ಹೋಗುವಂತಿದ್ದರೆ ಮಾತ್ರ ಈ ಅನುಕೂಲ ಉಂಟು. ಅರ್ಧ ಗಂಟೆ ವಾಹನದಲ್ಲಿ ಹೋಗಬೇಕಾದ ಕಡಲಿಗಿಂತ, ಮೃಗಾಲಯದ ಪಕ್ಕದಲ್ಲೇ ಉಳಿದುಕೊಳ್ಳುವ ಮೈಸೂರು ಎಷ್ಟೋ ಮೇಲು.

ಗೋಕರ್ಣದ ಓಂ ಬೀಚ್ ಬಹಳ ಸುಂದರವಾಗಿದೆ, ಆದರೆ ವಾಹನ ನಿಲ್ಲಿಸಿದ ಮೇಲೆ ಮೆಟ್ಟಿಲು ಇಳಿದು ಹೋಗಬೇಕು. ಮೊಣಕಾಲು ನೋವಿರುವವರಿಗೂ, ಮಗುವನ್ನು ಎತ್ತಿಕೊಂಡವರಿಗೂ ಅದು ಕಷ್ಟ. ನಾನು ಹೇಳುವುದು ಹೊನ್ನಾವರದ ಬಳಿಯ ಕಾಸರಕೋಡು. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತಾರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡುಬಿದ್ರಿಯೊಂದಿಗೆ ಪಡೆದ ತೀರವಿದು. ಶೌಚಾಲಯ, ಉಪ್ಪುನೀರು ತೊಳೆದುಕೊಳ್ಳುವ ವ್ಯವಸ್ಥೆ, ಜೀವರಕ್ಷಕ ಸಿಬ್ಬಂದಿ ಮತ್ತು ಗಾಳಿಮರಗಳ ನೆರಳು ಒಂದೇ ಕಡೆ ಸಿಗುವುದರಿಂದ ಚಿಕ್ಕ ಮಕ್ಕಳ ತಾಯಂದಿರಿಗೆ ಅರ್ಧ ಚಿಂತೆ ಕಳೆಯುತ್ತದೆ. ಹತ್ತಿರದಲ್ಲೇ ಶರಾವತಿಯ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ವನದಲ್ಲಿ ಮರದ ಹಲಗೆಯ ನಡೆದಾರಿಯಿದೆ. ಬಿಸಿಲು ಇಳಿದ ಮೇಲೆ ಒಂದು ಸಂಜೆ ಅಲ್ಲಿಗೆ ಹೋದರೆ ಬದಲಾವಣೆಗೆ ಅಷ್ಟು ಸಾಕು.

ನೀರಿನ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಬೇಡವೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. 2024ರ ಡಿಸೆಂಬರ್‌ನಲ್ಲಿ, ಅಂದರೆ ಕಡಲು ಶಾಂತವಾಗಿದೆ ಎಂದು ಎಲ್ಲರೂ ನಂಬುವ ಕಾಲದಲ್ಲಿಯೇ, ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನು ಸೆಳೆದುಕೊಂಡು ಹೋಗುವುದರಿಂದ, ದೊಡ್ಡವರಿಗೆ ಪಾದ ಮುಳುಗುವಷ್ಟು ನೀರಿನಲ್ಲಿಯೂ ಚಿಕ್ಕ ಮಗು ಮುಗ್ಗರಿಸಿ ಬೀಳಬಹುದು. ಮಕ್ಕಳನ್ನು ಒದ್ದೆ ಮರಳಿನಲ್ಲಿ ಕೂರಿಸಿ ಆಡಿಸಿ, ಅವರ ಕಡಲಾಟ ಅಷ್ಟಕ್ಕೇ ನಿಲ್ಲಲಿ. ಶರಾವತಿ ಸಮುದ್ರ ಸೇರುವ ಅಳಿವೆಯ ಕಡೆಗಂತೂ ಹೋಗಲೇಬೇಡಿ. ನದಿ ಮತ್ತು ಉಬ್ಬರ ಇಳಿತದ ಸೆಳೆತ ಅಲ್ಲಿ ಬಲವಾಗಿರುತ್ತದೆ. ನಿಮ್ಮಿಬ್ಬರ ಮೊಬೈಲು ಕೋಣೆಯಲ್ಲಿರಲಿ, ಫೋಟೊ ತೆಗೆಯುವ ಕೆಲಸ ಅಜ್ಜಿಗಿರಲಿ.

ಕರಾವಳಿಯ ಸೆಕೆ ನಮ್ಮ ಕಡೆಯ ಮಕ್ಕಳಿಗೆ ಹೊಸದು. ಬೆಳಿಗ್ಗೆ ಒಂಬತ್ತೂವರೆಯೊಳಗೆ ಒಮ್ಮೆ, ಸಂಜೆ ನಾಲ್ಕೂವರೆಯ ಮೇಲೆ ಒಮ್ಮೆ ತೀರಕ್ಕೆ ಹೋಗಿ, ನಡುವಿನ ಹೊತ್ತನ್ನು ಊಟಕ್ಕೂ ನಿದ್ದೆಗೂ ಬಿಡಿ. ಒದ್ದೆಯಾದ ಡೈಪರಿನೊಳಗೆ ಮರಳು ಸೇರಿದರೆ ಚರ್ಮ ಕೆಂಪಾಗುತ್ತದೆ, ಆದ್ದರಿಂದ ತೀರದಿಂದ ಬಂದೊಡನೆ ಸಿಹಿನೀರಿನಲ್ಲಿ ಸ್ನಾನ ಮಾಡಿಸಬೇಕು. ಊಟದಲ್ಲಿ ಕುಚ್ಚಲಕ್ಕಿಯ ದಪ್ಪ ಅನ್ನ ನಮ್ಮ ಮಕ್ಕಳಿಗೆ ಒಗ್ಗಲಿಲ್ಲ. ಉಳಿದುಕೊಂಡಿದ್ದ ಮನೆಯವರಿಗೆ ಹಿಂದಿನ ದಿನವೇ ತಿಳಿಸಿದಾಗ ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನವನ್ನು ಮೆತ್ತಗೆ ಮಾಡಿ ಪ್ರೀತಿಯಿಂದ ಬಡಿಸಿದರು.

ಹುಬ್ಬಳ್ಳಿಯಿಂದ ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಹೋಗುವಾಗ ಅರಬೈಲ್ ಘಾಟಿಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದು ಸಾಮಾನ್ಯ. ಹೊಟ್ಟೆ ತುಂಬ ಉಣಿಸಿ ಹೊರಡಬೇಡಿ. ಯಲ್ಲಾಪುರದಲ್ಲಿ ಅರ್ಧ ಗಂಟೆ ನಿಂತು, ಮಕ್ಕಳನ್ನು ಓಡಾಡಿಸಿ ಘಾಟಿ ಇಳಿಯಿರಿ.

ಮೈಸೂರಿಗೇ ಹೋಗುವುದಾದರೆ ರಾತ್ರಿ ರೈಲು ಅನುಕೂಲ. ಅತ್ತೆಯವರಿಗೆ ಕೆಳಗಿನ ಬರ್ತ್ ಮೊದಲೇ ಕಾಯ್ದಿರಿಸಿ. ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. 1892ರಲ್ಲಿ ಆರಂಭವಾದ ಮೃಗಾಲಯಕ್ಕೆ ಮಂಗಳವಾರ ರಜೆ. ಡಿಸೆಂಬರ್ ಶಾಲಾ ಪ್ರವಾಸದ ತಿಂಗಳಾದ್ದರಿಂದ ಬಾಗಿಲು ತೆರೆಯುವ ಹೊತ್ತಿಗೇ ಒಳಗೆ ಹೋಗಿ, ಅಜ್ಜಿ ಮತ್ತು ಮಕ್ಕಳಿಗೆ ಬ್ಯಾಟರಿ ವಾಹನ ಕೇಳಿ. ನಾಲ್ಕು ವರ್ಷದ ಮಗುವಿಗೆ ಅರಮನೆಯ ಒಳಭಾಗಕ್ಕಿಂತ ರೈಲು ನಿಲ್ದಾಣದ ಬಳಿಯ ರೈಲ್ವೆ ಮ್ಯೂಸಿಯಂ ಹೆಚ್ಚು ಹಿಡಿಸುತ್ತದೆ. ಹಳೆಯ ಉಗಿ ಎಂಜಿನ್ನುಗಳನ್ನು ಹತ್ತಿರದಿಂದ ನೋಡಬಹುದು, ಪುಟಾಣಿ ರೈಲೂ ಇದೆ. ಅರಮನೆಯ ದೀಪಾಲಂಕಾರವನ್ನು ಭಾನುವಾರ ಸಂಜೆ ಅಂಗಳದಲ್ಲಿ ನಿಂತು ನೋಡಿದರೆ ಸಾಕು.

ಎಲ್ಲಿಗೇ ಹೋದರೂ ಕೋಣೆ ಕಾಯ್ದಿರಿಸುವ ಮುನ್ನ ಫೋನಿನಲ್ಲಿ ಕೇಳಲೇಬೇಕಾದ ಸಂಗತಿಗಳಿವೆ: ನೆಲಮಹಡಿಯ ಕೋಣೆ ಸಿಗುವುದೇ, ಅತ್ತೆಯವರಿಗೆ ಕಮೋಡ್ ಇದೆಯೇ, ರಾತ್ರಿ ಮಗುವಿಗೆ ಬಿಸಿನೀರು ಕೊಡುತ್ತಾರೆಯೇ, ಹತ್ತಿರದ ಮಕ್ಕಳ ವೈದ್ಯರು ಎಷ್ಟು ದೂರದಲ್ಲಿದ್ದಾರೆ. ಡಿಸೆಂಬರ್ ಕೊನೆಯ ವಾರದ ಕೋಣೆಗಳು ಎರಡೂ ಕಡೆ ಬೇಗ ತುಂಬುವುದರಿಂದ, ಪತಿಯ ರಜೆ ಖಚಿತವಾದ ದಿನವೇ ಈ ಫೋನು ಮಾಡಿಬಿಡಿ.