ಮಳೆ ಲೆಕ್ಕದ ಮಾವನನ್ನೇ ಗ್ರೂಪಿನಿಂದ ತೆಗೆದುಬಿಟ್ಟೆ, ಈಗ ಎಂತ ಮಾಡುವುದು?

ಪೆರ್ಲದ ತೋಟದವ

ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ ಮಾರಾಯ್ರೆ.

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರ ವಾಟ್ಸಾಪ್ ಗ್ರೂಪಿಗೆ ನಾನು ಅಡ್ಮಿನ್. 430 ಜನ ಇದ್ದಾರೆ. ಗ್ರೂಪ್ ಹುಟ್ಟಿದ್ದೇ ನನ್ನ ಹೆಂಡತಿಯ ಸೋದರಮಾವನಿಂದ. ಮುಳ್ಳೇರಿಯದ ಅವರ ಅಂಗಳದಲ್ಲಿ ಮಳೆಮಾಪಕ ಉಂಟು. ದಿನಾ ಬೆಳಿಗ್ಗೆ ಎಂಟೂವರೆಗೆ ಮಿಲಿಮೀಟರಿನಲ್ಲಿ ಅಳೆದು "ಮುಳ್ಳೇರಿಯ 87" ಅಂತ ಹಾಕುತ್ತಾರೆ. ಅಷ್ಟೇ. ಗುಡ್ ಮಾರ್ನಿಂಗ್ ಇಲ್ಲ, ಹೂವಿನ ಚಿತ್ರ ಇಲ್ಲ. ಅದರ ಕೆಳಗೆ ಉಳಿದವರು ತಮ್ಮ ತಮ್ಮ ಮನೆಯ ಲೆಕ್ಕ ಹಾಕುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಎರಡನೇ ಸಲ ಬಿಡುವ ಹೊತ್ತಿಗೆ, ಮಳೆ ಇಳಿಯುತ್ತಾ ಉಂಟಾ ಅಂತ ಕಾಯುವವರೆಲ್ಲ ಮೊದಲು ನೋಡುವುದು ಮಾವನ ಲೆಕ್ಕವನ್ನು.

ಒಂದು ವರ್ಷದಿಂದ ಕಸ ಜಾಸ್ತಿ ಆಯಿತು. ಹತ್ತು ನಿಮಿಷದಲ್ಲಿ ಲೋನ್. ಮನೆಯಲ್ಲೇ ಕೂತು ದಿನಕ್ಕೆ ಮೂರು ಸಾವಿರ. ಮಲಯಾಳದಲ್ಲಿ ಲಾಟರಿ ನಂಬರಿನ ಆಡಿಯೋ. ಗುರುತಿಲ್ಲದ ನಂಬರಾದರೆ ತೆಗೆದುಹಾಕುತ್ತಿದ್ದೆ, ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಕಳೆದ ಶನಿವಾರ ರಾತ್ರಿ ಮಾವನ ನಂಬರಿನಿಂದಲೇ "ಮದುವೆ ಕರೆಯೋಲೆ" ಅಂತ ಒಂದು ಫೈಲ್ ಬಂತು. ಮೂರು ಸಲ. ಕೊನೆಯಲ್ಲಿ ಎಪಿಕೆ ಅಂತ ಇತ್ತು. ಗಾಬರಿಯಲ್ಲಿ ಮಾವನನ್ನೇ ರಿಮೂವ್ ಮಾಡಿದೆ. ಫೋನ್ ಮಾಡಿ ಕೇಳುವ ಬುದ್ಧಿ ಬರಲಿಲ್ಲ. ಭಾನುವಾರ ಎಂಟೂವರೆಗೆ ಲೆಕ್ಕ ಇಲ್ಲ. "ಮುಳ್ಳೇರಿಯ ಎಷ್ಟು?" ಅಂತ ಕೇಳಿದವರೇ ಕೇಳಿದವರು. ಮಾವ ನನ್ನ ಫೋನ್ ಎತ್ತುವುದಿಲ್ಲ. "ನಿನ್ನ ಗಂಡನಿಗೆ ನಾನು ಕಳ್ಳನ ಹಾಗೆ ಕಂಡೆನಾ" ಅಂತ ಹೆಂಡತಿಯ ಹತ್ತಿರ ಹೇಳಿದ್ದಾರಂತೆ.

ನನಗೆ ಬೇಕಾದ್ದು ಎರಡು. ಈ ಕಸ ನಿಲ್ಲಿಸುವುದು ಹೇಗೆ? ಮತ್ತೆ, ಗ್ರೂಪಿನಲ್ಲಿ ಮಾವನಂಥ ನಾಲ್ಕು ಜನ ಹಾಕಿದ್ದು ಮಾತ್ರ ತಪ್ಪದೆ ಕಾಣುವ ದಾರಿ ಉಂಟಾ?

ಕುಂಬಳೆ ಮೊಬೈಲ್ ರಿಪೇರಿ

ಅಣ್ಣ, ಮೊದಲು ಮಾವನ ಫೋನು. ಗ್ರೂಪ್ ಆಮೇಲೆ.

ಆ ಫೈಲ್ ಅವರಿಗೂ ಯಾರೋ ಗುರುತಿನವರ ನಂಬರಿನಿಂದಲೇ ಬಂದಿರುತ್ತದೆ. ಕರೆಯೋಲೆ ಅಂದರೆ ಫೋಟೋ ಬರುತ್ತದೆ, ಪಿಡಿಎಫ್ ಬರುತ್ತದೆ. ಎಪಿಕೆ ಅಂದರೆ ಆಪ್. ಒತ್ತಿ ಇನ್‌ಸ್ಟಾಲ್ ಮಾಡಿದರೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ಒಟಿಪಿ ಎಲ್ಲ ಅವರ ಕೈಗೆ. ಇದೇ ಆಟ ಪಿಎಂ ಕಿಸಾನ್ ಹೆಸರಲ್ಲಿ, ಗಾಡಿ ಚಲನ್ ಹೆಸರಲ್ಲಿ ಕೂಡ ಬರುತ್ತದೆ.

ಕೂಡಲೇ ನೆಟ್ ಆಫ್ ಮಾಡಿಸಿ. ಆ ಆಪ್ ತೆಗೆಸಿ. ಹೆಸರು ಕಾಣದಿದ್ದರೆ ಸುಮ್ನೆ ಹುಡುಕುತ್ತಾ ಕೂರಬೇಡಿ, ಫೋಟೋಗಳನ್ನು ಬೇರೆ ಕಡೆ ಇಟ್ಟು ಫೋನ್ ರೀಸೆಟ್ ಮಾಡಿಸಿ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ ಗೊತ್ತಿಲ್ಲದ್ದು ಇದ್ದರೆ ಲಾಗೌಟ್. ಟು ಸ್ಟೆಪ್ ವೆರಿಫಿಕೇಶನ್‌ನಲ್ಲಿ ಆರು ಅಂಕೆಯ ಪಿನ್ ಇಡಿಸಿ, ಆಗ ಬರೀ ಒಟಿಪಿ ಸಿಕ್ಕಿದರೆ ಬೇರೆ ಫೋನಿನಲ್ಲಿ ಇವರ ವಾಟ್ಸಾಪ್ ತೆರೆಯುವುದಿಲ್ಲ. ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಿ, ನಾಳೆ ಅಂತ ಇಡಬೇಡಿ.

ವಾರಕ್ಕೆ ಇಂಥ ಒಂದಾದರೂ ಫೋನ್ ಅಂಗಡಿಗೆ ಬರುತ್ತದೆ. ತಂದವರು ಮೊದಲು ಹೇಳುವುದು "ನಾನು ಎಂತದೂ ಒತ್ತಲಿಲ್ಲ" ಅಂತ!

ಉಪ್ಪಳದವ

ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಸೆಟ್ ಮಾಡಿ. ಒಂದೇ ಏಟಿಗೆ ಮುಗಿಯಿತು.

ಬಾಯಾರಿನ ಅಕ್ಕ

ಉಪ್ಪಳದವರೇ, ಮುಗಿಯುವುದು ಗ್ರೂಪು. ಮಾವ 87 ಅಂದಾಗ ಇನ್ನೊಬ್ಬರು "ನಮ್ಮಲ್ಲಿ 92" ಅನ್ನಬೇಕಲ್ಲ. ಕಸ ಸುರಿಯುವ ರಾತ್ರಿ ಒಂದು ಗಂಟೆ ಹೊತ್ತು ಹಾಗೆ ಬಾಗಿಲು ಹಾಕಿ, ಆಮೇಲೆ ತೆರೆಯಿರಿ.

ನಾನು ಮಹಿಳೆಯರ ಹೊಲಿಗೆ ಗ್ರೂಪ್ ನೋಡಿಕೊಳ್ಳುತ್ತೇನೆ. ನಮಗೆ ಕಸ ಬರುತ್ತಿದ್ದದ್ದು ಇನ್‌ವೈಟ್ ಲಿಂಕಿನಿಂದ. ಯಾರೋ ಅದನ್ನು ಫೇಸ್‌ಬುಕ್‌ಗೆ ಹಾಕಿದ್ದರು. ಲಿಂಕ್ ರೀಸೆಟ್ ಮಾಡಿದೆ, ಹಳೆಯದು ಸತ್ತಿತು. ಹೊಸಬರು ಅಡ್ಮಿನ್ ಒಪ್ಪಿದ ಮೇಲೆಯೇ ಒಳಗೆ ಬರುವ ಹಾಗೆ ಮಾಡಿದೆ. ಸೇರಲು ಕೇಳಿದವರಿಗೆ "ಯಾವ ಊರು, ಯಾರ ಮನೆ?" ಅಂತ ಒಂದು ಮೆಸೇಜ್ ಹಾಕುತ್ತೇನೆ. ಲೋನಿನವರು ಉತ್ತರ ಕೊಡುವುದಿಲ್ಲ.

ಗುರುತಿನವರಿಂದ ಕಸ ಬಂದರೆ ತೆಗೆಯಬೇಕಾದ್ದು ಮೆಸೇಜನ್ನು. ಒತ್ತಿ ಹಿಡಿದು, ಎಲ್ಲರಿಗೂ ಡಿಲೀಟ್ ಅಂತ ಕೊಡಿ. ಅಡ್ಮಿನ್ ತೆಗೆದದ್ದು ಅಂತ ಅಲ್ಲಿ ಕಾಣುತ್ತದೆ, ಕಾಣಲಿ. ಫೋನ್ ಸರಿಯಾಗುವ ತನಕ ಆ ನಂಬರನ್ನು ಹೊರಗೆ ಇಡಬೇಕಾದರೂ ಮೊದಲು ಅವರಿಗೆ ಒಂದು ಫೋನ್. ಮತ್ತೆ ಮಾವನ ಹತ್ತಿರ ಈ ವಿಷಯ ಫೋನಿನಲ್ಲಿ ಮಾತಾಡಬೇಡಿ, ಹೋಗಿ. ಬರಿಗೈಯಲ್ಲಿ ಹೋಗಬೇಡಿ.

ಎಣ್ಮಕಜೆಯ ಹುಡುಗ, ಈಗ ಬೆಂಗಳೂರು

ಎರಡನೇ ಪ್ರಶ್ನೆಗೆ. ವಾಟ್ಸಾಪ್ ಚಾನೆಲ್ ಅಂತ ಉಂಟು, ಭಾರತಕ್ಕೆ 2023ರ ಸೆಪ್ಟೆಂಬರಿನಲ್ಲಿ ಬಂತು. ಮಾವನ ಹೆಸರಲ್ಲಿ ಒಂದು ಮಾಡಿದರೆ ಬೇಕಾದವರು ಫಾಲೋ ಮಾಡಬಹುದು. ಫಾಲೋ ಮಾಡುವವರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ, ಕಸ ಹಾಕುವವನಿಗೆ ಜಾಗವೇ ಇಲ್ಲ. ಆದರೆ ಅಕ್ಕ ಹೇಳಿದ "ನಮ್ಮಲ್ಲಿ 92" ಅಲ್ಲಿ ನಡೆಯುವುದಿಲ್ಲ. ಎಮೋಜಿ ಒತ್ತಬಹುದು, ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಬರೆಯಲಿಕ್ಕಾಗುವುದಿಲ್ಲ. ಮಳೆಗೆ ಹೆಬ್ಬೆಟ್ಟು ತೋರಿಸಿ ಎಂತ ಪ್ರಯೋಜನ?

ಗ್ರೂಪಿನಲ್ಲೇ ಆಗಬೇಕಾದರೆ ನೋಟಿಫಿಕೇಶನ್‌ನಲ್ಲಿ ಹೈಲೈಟ್ಸ್ ಅಂತ ಒಂದು ಆಯ್ಕೆ ಇದೆ, 2025ರಲ್ಲಿ ಬಂದದ್ದು. ನಮ್ಮನ್ನು ಹೆಸರಿಸಿದ್ದು, ನಮಗೆ ಉತ್ತರ ಕೊಟ್ಟದ್ದು, ನಾವು ಸೇವ್ ಮಾಡಿದ ನಂಬರುಗಳದ್ದು ಮಾತ್ರ ಸದ್ದು ಮಾಡುತ್ತದೆ. ನಾಲ್ಕು ಜನರ ನಂಬರ್ ಸೇವ್ ಮಾಡಿಕೊಂಡರೆ ಅದೇ ಫಾಲೋ ಮಾಡಿದ ಹಾಗೆ. ಇಡೀ ಊರಿನ ನಂಬರ್ ಸೇವ್ ಮಾಡಿಟ್ಟವರಿಗೆ ಉಪಯೋಗ ಇಲ್ಲ.

ಪೆರ್ಲದ ತೋಟದವ

ಎಲ್ಲರಿಗೂ ಉಪಕಾರ. ನಿನ್ನೆ ಶುಕ್ರವಾರ ಮುಳ್ಳೇರಿಯಕ್ಕೆ ಹೋಗಿ ಬಂದೆ. ಹಲಸಿನ ಹಪ್ಪಳ ಹೆಂಡತಿ ಕಟ್ಟಿ ಕೊಟ್ಟಿದ್ದಳು.

ಮಾವ ಒತ್ತಿದ್ದು ನಿಜ. ತಂಗಿಯ ಮಗನ ನಂಬರಿನಿಂದ ಬಂದಿತ್ತಂತೆ, ಆ ಮನೆಯಲ್ಲಿ ಮದುವೆಯ ಮಾತುಕತೆಯೂ ನಡೆಯುತ್ತಿತ್ತಂತೆ. ಯಾರಾದರೂ ಒತ್ತುತ್ತಿದ್ದರು ಅಲ್ವಾ. ಪುಣ್ಯಕ್ಕೆ ಆ ಸಿಮ್ಮಿಗೆ ಬ್ಯಾಂಕ್ ಜೋಡಿಸಿರಲಿಲ್ಲ. ಫೋನ್ ರೀಸೆಟ್ ಆಯಿತು, ಪಿನ್ ಇಟ್ಟಾಯಿತು. ಪಿನ್ ಎಂತದು ಅಂತ ನನಗೂ ಹೇಳಲಿಲ್ಲ, ಒಳ್ಳೆಯದೇ. ಲಿಂಕ್ ರೀಸೆಟ್ ಮಾಡಿದೆ. ಚಾನೆಲ್ ವಿಷಯ ಎತ್ತಿದೆ. "ಬರೀ ನಾನೊಬ್ಬ ಹೇಳುವುದಕ್ಕೆ ನಾನೇನು ಆಕಾಶವಾಣಿಯಾ?" ಅಂದರು. ಅಲ್ಲಿಗೆ ಬಿಟ್ಟೆ.

ಅಳೆಯುವುದನ್ನು ಮಾತ್ರ ಒಂದು ದಿನವೂ ಬಿಟ್ಟಿರಲಿಲ್ಲ ಮಾರಾಯ್ರೆ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರು. ಮಂಗಳವಾರ 118, ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಅತಿ ಭಾರಿ ಮಳೆ, ಅದನ್ನು ಯಾರಿಗೂ ಹೇಳಲಾಗದೆ ಒದ್ದಾಡಿದ್ದಾರೆ. ಮತ್ತೆ ಗ್ರೂಪಿಗೆ ಸೇರಿಸಿದ ಕೂಡಲೇ ಆರು ದಿನದ್ದನ್ನೂ ಒಟ್ಟಿಗೆ ಹಾಕಿದರು. ಅವಸರದಲ್ಲಿ ಊರಿನ ಹೆಸರೇ ಬಿಟ್ಟುಹೋಯಿತು. "41, 12, 118, 96, 70, 9."

ಹೊಸಬರೊಬ್ಬರು ಕೆಳಗೆ ಕೇಳಿದರು, ಇದು ಯಾವ ಲಾಟರಿ ಅಂತ.